ಮಂಡಿಯ ಲೆಕ್ಕ

2023ರ ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆಂದು ಬಾಲ್ಟಿಮೋರಿನಲ್ಲಿದ್ದೆ. ಒಂದು ಭಾನುವಾರ ಮೆಣಸಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಳಿಯಂದಿರ ಕೂಗು ಕೇಳಿಸಿತು. ಮಗುವಿಗೇನಾಯಿತೋ ಎಂದು, ನನ್ನ ಮಂಡಿಗೆ ಓಟ ಒಗ್ಗದಿದ್ದರೂ, ಸೌಟು ಹಿಡಿದೇ ಓಡಿದೆ. ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಆ ಊರಿನ ಫುಟ್‌ಬಾಲ್ ತಂಡ ರೇವನ್ಸ್, ಓಡೆಲ್ ಬೆಕ್‌ಹ್ಯಾಮ್ ಎಂಬ ಆಟಗಾರನನ್ನು ಒಂದು ವರ್ಷಕ್ಕೆ ಗೊತ್ತುಮಾಡಿಕೊಂಡಿತ್ತಂತೆ!

ಅಲ್ಲಿಯ ಫುಟ್‌ಬಾಲನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ಹಾಗಾದರೆ ಆ ಹೆಸರೇಕೆ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಈತ ವೈಡ್ ರಿಸೀವರ್. ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನು. 2014ರಲ್ಲಿ ಹಿಂದಕ್ಕೆ ಬೀಳುತ್ತಾ ಒಂದೇ ಕೈಯಲ್ಲಿ ಹಿಡಿದದ್ದನ್ನು ಅಳಿಯಂದಿರು ಟಿ.ವಿ.ಯಲ್ಲಿ ತೋರಿಸಿದರು. ಅಬ್ಬಾ, ಏನು ಹಿಡಿತ! ಆದರೆ ಅವನ ಎಡ ಮಂಡಿಯ ನಾರು 2020ರಲ್ಲೊಮ್ಮೆ, 2022ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹರಿದಿತ್ತು. ಆಮೇಲೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅಂಥವನಿಗೆ ಒಂದೂವರೆ ಕೋಟಿ ಡಾಲರ್ ಖಾತರಿ.

ಪಕ್ಕದ ಮನೆಯವರು ಬಂದು ಕೂತರು. “ಆ ಮಂಡಿ ಮತ್ತೆ ಕೈಕೊಟ್ಟರೆ?” ಎಂಬುದೇ ಅವರ ರಾಗ. ಚೆಂಡೆಸೆಯುವ ಲಮಾರ್ ಜಾಕ್ಸನ್ ತಂಡ ಬಿಡುತ್ತೇನೆಂದು ಮುನಿಸಿಕೊಂಡಿದ್ದನಂತೆ. ಇವನು ಬಂದರೆ ಅವನೂ ಉಳಿದಾನು ಎಂಬುದು ಅಳಿಯಂದಿರ ವಾದ. ಸಿಟ್ಟಾದ ಮಗನನ್ನು ಮನೆಯಲ್ಲುಳಿಸಲು ಅವನು ಮೆಚ್ಚಿದ ಸಂಬಂಧವನ್ನೇ ತಂದ ಹಾಗೆ, ನನಗೆ ಥಟ್ಟನೆ ಅರ್ಥವಾಯಿತು. (ಆ ತಿಂಗಳ ಕೊನೆಗೆ ಜಾಕ್ಸನ್ ಉಳಿಯಲು ಒಪ್ಪಿಕೊಂಡ.) ಯಾರೂ ಕೇಳದಿದ್ದರೂ, ನಾನಾಗಿದ್ದರೆ ಕರೆತರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯವನ್ನೂ ಹೇಳಿ ಒಳಗೆ ಹೋದೆ.

ಆ ರಾತ್ರಿ ನೀರಿಗೆಂದು ಎದ್ದಾಗ ಮಗಳ ದನಿ ಕೇಳಿಸಿತು. “ಮುಂದಿನ ವರ್ಷವೂ ಅಮ್ಮನನ್ನೇ ಕರೆಸೋಣ ಅಂತೀರಾ? ಅವಳ ಮಂಡಿ ನೋಡಿದ್ದೀರಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ನನಗೆ ಜೀವವೇ ಹೋಗುತ್ತೆ.” ಅಳಿಯಂದಿರು ಏನೋ ಅಂದರು, ಕೇಳಿಸಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಆದರೂ ನೀರು ಕುಡಿಯದೆ ಹಿಂತಿರುಗಿದೆ. ಮರುದಿನದಿಂದ ಮಗುವನ್ನು ಕೆಳಗಿನ ಕೋಣೆಯಲ್ಲೇ ಆಡಿಸಿದೆ. ಕಾರಣ ಅವಳೂ ಕೇಳಲಿಲ್ಲ.

ಬೆಕ್‌ಹ್ಯಾಮ್ ಆ ಸಲ ಹದಿನಾಲ್ಕು ಪಂದ್ಯ ಆಡಿ ಮೂವತ್ತೈದು ಚೆಂಡು ಹಿಡಿದ. 2024ರ ಮಾರ್ಚ್‌ನಲ್ಲಿ ಅಳಿಯಂದಿರ ಫೋನ್ ಬಂತು.

“ಅವನನ್ನು ಬಿಟ್ಟುಬಿಟ್ಟರು ಅತ್ತೆ.”

“ಪಾಪ, ಮಂಡಿ ಏನಾಯ್ತು?”

“ಮಂಡಿಯಿಂದಲ್ಲ ಅತ್ತೆ. ನಿಮ್ಮದು ಹೇಗಿದೆ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, “ಟಿಕೆಟ್ ಯಾವಾಗ ಮಾಡಿಸುತ್ತೀರಿ?” ಎಂದೆ.