ಎತ್ತರಿಸಿದ ಜೀಪೂ, ಇಳಿಸಿದ ಪೆಟ್ಟಿಗೆಯೂ

ಅಡುಗೆ, ಹೊಲಿಗೆ, ಮಕ್ಕಳ ಕೆಮ್ಮಿನ ಮನೆಮದ್ದುಗಳ ನಡುವೆ ಇದೇನು ಜೀಪಿನ ಕತೆ ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಹೊಲ ಇರುವ ಸಂಸಾರದಲ್ಲಿ ಜೀಪೂ ಎಮ್ಮೆಯ ಹಾಗೆ ಮನೆಯ ಒಂದು ಜೀವವೇ. ಅದಕ್ಕೆ ಬಂದ ಕಾಯಿಲೆಗೆ ಕೊನೆಗೆ ಕರಗುವುದು ನಮ್ಮ ಸಾಸಿವೆ ಡಬ್ಬಿಯ ದುಡ್ಡೇ ಅಲ್ಲವೇ?

ನಾವು ಇರುವುದು ಕಲಬುರಗಿಯ ಮಗ್ಗುಲಿನ ತಾಜಸುಲ್ತಾನಪುರದಲ್ಲಿ. ಹೊಲ ಕಮಲಾಪುರದ ಕಡೆಗೆ. ನಮ್ಮ ಕರಿಮಣ್ಣಿನ ಗುಣ ಈ ಕಡೆಯವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೂ ಬಿಡದ ಅಂಟು. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಗೆ ಈ ಮಣ್ಣೇ ಬೇಕು. ಆದರೆ ಗಾಡಿಗೆ ಅದು ವೈರಿ. ಹೊಲಕ್ಕೆ ಹೊರಟ ನಮ್ಮ ಹಳೆಯ ಮಹೀಂದ್ರ ಜೀಪು ಮಳೆಗಾಲದಲ್ಲಿ ಹೊಟ್ಟೆಯ ತನಕ ಹೂತು ಕೂತುಬಿಡುತ್ತಿತ್ತು.

ಇದಕ್ಕೆ ನನ್ನ ಮೈದುನ ಒಂದು ಉಪಾಯ ಹುಡುಕಿದ. ಯಾರ ಮಾತನ್ನೂ ಕೇಳದೆ ದಪ್ಪ ಸ್ಪ್ರಿಂಗ್ ಪಟ್ಟಿಗಳನ್ನು ಹಾಕಿಸಿ ಜೀಪನ್ನು 2 ಇಂಚು ಎತ್ತರಿಸಿಕೊಂಡು ಬಂದ. ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿ ನಮ್ಮತ್ತೆ, "ಇದಕ್ಕ ಹತ್ತಾಕ ನಿಚ್ಚಣಿಕಿ ಬೇಕಲ್ಲೋ ಮಗನ!" ಎಂದರು. ಎಲ್ಲರೂ ನಕ್ಕೆವು.

ನಗು ವಾರವೂ ಉಳಿಯಲಿಲ್ಲ. ಕೆಸರನ್ನು ಜೀಪು ದಾಟುತ್ತಿತ್ತು, ನಿಜ. ಆದರೆ ಡಾಂಬರು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದರೆ ಸಾಕು, ಕೆಳಗಿನಿಂದ ಗಡಗಡ ನಡುಕ, ಟಕಟಕ ಸದ್ದು. "ಹಳೇ ಗಾಡಿ ಅದ ವೈನಿ, ಸದ್ದು ಮಾಡ್ತದ. ನೀವ್ ಯಾಕ ತಲಿ ಕೆಡಿಸ್ಕೋತೀರಿ?" ಎಂದ ಮೈದುನ. ಹಿಂದಿನ ಸೀಟಿನಲ್ಲಿ ನಮ್ಮ ಜೊತೆ ಕಳೆ ತೆಗೆಯಲು ಬರುವ ಹೆಂಗಸೊಬ್ಬಳು ಕೈಕೂಸನ್ನು ಎದೆಗೊತ್ತಿಕೊಂಡು ಕಂಬಿ ಹಿಡಿದಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯವರಿಗೆ ಹೇಳಿ, ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದೆ.

ಮೇಸ್ತ್ರಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಾಲ್ಕೂ ಗಾಲಿಗೆ ಎಳೆತ ಇರುವ ಜೀಪಿನಲ್ಲಿ ಗೇರುಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು ಹಂಚುವ ಅತ್ತೆಯ ಹಾಗೆ, ಅದು ಇಂಜಿನ್ನಿನ ಬಲವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುತ್ತದೆ. ಹಂಚಿದ ಬಲವನ್ನು ಒಯ್ಯುವುದು ಎರಡು ಉದ್ದನೆಯ ಶಾಫ್ಟುಗಳು. ಅವುಗಳ ಎರಡೂ ತುದಿಗೆ ಮಣಿಕಟ್ಟಿನಂತೆ ಬಾಗುವ ಕೀಲುಗಳು. ಮೇಸ್ತ್ರಿಗಳ ಬಾಯಲ್ಲಿ 'ಕ್ರಾಸ್'.

ಮಜ್ಜಿಗೆ ಕಡೆಯುವಾಗ ಕಡಗೋಲು ನೆಟ್ಟಗಿದ್ದರೆ ಸರಾಗ ತಿರುಗುತ್ತದೆ. ಓರೆಯಾದರೆ ಗಡಿಗೆಗೆ ಬಡಿಯುತ್ತದೆ. ಇಲ್ಲಿಯೂ ಹಾಗೆಯೇ. ಸ್ಪ್ರಿಂಗು ಎತ್ತರಿಸಿದಾಗ ಪೆಟ್ಟಿಗೆ ಮೇಲೆ ಹೋಯಿತು, ಗಾಲಿಯ ಅಚ್ಚು ಕೆಳಗೇ ಉಳಿಯಿತು, ನಡುವಿನ ಶಾಫ್ಟು ಓರೆಯಾಯಿತು. 20 ಇಂಚಿನ ಶಾಫ್ಟಿಗೆ 2 ಇಂಚು ಎತ್ತರ ಎಂದರೆ ಸುಮಾರು 6 ಡಿಗ್ರಿ ಹೆಚ್ಚಿನ ಓರೆ. ಕೀಲು ಓರೆಯಾದಷ್ಟೂ ಶಾಫ್ಟು ಒಂದೊಂದು ಸುತ್ತಿಗೆ ಎರಡು ಸಲ ಜಗ್ಗಿ ಬಿಡುತ್ತದೆ. ಅದೇ ಆ ನಡುಕ. ಕ್ರಾಸ್ ಬೇಗ ಸವೆದು ಮುರಿದರೆ, ಓಡುವ ಗಾಡಿಯ ಕೆಳಗೆ ಶಾಫ್ಟು ಕಳಚಿ ನೆಲಕ್ಕೆ ನಾಟಬಹುದು. ಕೇಳಿ ನನ್ನ ಮೈ ಜುಮ್ಮೆಂದಿತು.

"ಎರಡು ದಾರಿ ಅವ ಅಕ್ಕ," ಎಂದರು ಮೇಸ್ತ್ರಿ. "ಮೊದಲಿನ ಸ್ಪ್ರಿಂಗ್ ಹಾಕ್ರಿ. ಇಲ್ಲಾಂದ್ರ ಪೆಟ್ಟಿಗಿ ಕೆಳಗ ಇಳಸಬೇಕು."

ಮೈದುನ ಎರಡನೆಯದನ್ನೇ ಹಿಡಿದ. ಕಳೆ ತೆಗೆಯುವ ಕೆಲಸ ಮುಂದಿತ್ತು, ಬೇರೆ ಗಾಡಿ ಇರಲಿಲ್ಲ. ಮಗಳ ಕಾಲೇಜಿನ ಫೀಸಿಗೆಂದು ಇಟ್ಟ ದುಡ್ಡಿನಿಂದಲೇ ಖರ್ಚು ಹೊರಟಿತು. ಗೇರುಪೆಟ್ಟಿಗೆಯನ್ನು ಹೊತ್ತ ಅಡ್ಡಪಟ್ಟಿಗೆ ಕೆಳಗಿನಿಂದ ಜಾಕ್ ಕೊಟ್ಟರು. ಬೋಲ್ಟುಗಳನ್ನು ಒಮ್ಮೆಗೇ ಕಳಚದೆ, ಒಂದೊಂದೇ ಬದಿ ಸಡಿಲಿಸಿ, ಚಾಸಿಗೂ ಪಟ್ಟಿಗೂ ನಡುವೆ 1 ಇಂಚಿನ ಉಕ್ಕಿನ ತುಂಡುಗಳನ್ನು ಇಟ್ಟು, ಅಷ್ಟೇ ಹೆಚ್ಚು ಉದ್ದದ ಗಟ್ಟಿ ಬೋಲ್ಟು ಹಾಕಿ ಬಿಗಿದರು. ಆಮೇಲೆ ಗೇರಿನ ಕೋಲುಗಳು ನೆಲದ ತೂತಿಗೆ ತಾಗುತ್ತವೆಯೇ, ಫ್ಯಾನು ರೇಡಿಯೇಟರಿನ ಹತ್ತಿರ ಹೋಯಿತೇ, ಹೊಗೆ ಕೊಳವೆ, ಕ್ಲಚ್, ಹ್ಯಾಂಡ್ ಬ್ರೇಕ್ ಎಳೆದುಕೊಂಡಿವೆಯೇ ಎಂದು ಒಂದೊಂದನ್ನೂ ನೋಡಿದರು. ಸವೆದ ಕ್ರಾಸ್ ಬದಲಿಸಿದರು. ಮರುದಿನ ನಡುಕ ಬಹಳಷ್ಟು ತಗ್ಗಿತ್ತು.

ಆದರೆ ಲೆಕ್ಕ ನೋಡಿ. ಕೆಸರು ತಾಗಬಾರದೆಂದು 2 ಇಂಚು ಎತ್ತಿಸಿದೆವು, ನಡುಕ ಹೋಗಲೆಂದು ಹೊಟ್ಟೆಯ ನಡುವನ್ನು ಮತ್ತೆ 1 ಇಂಚು ಇಳಿಸಿದೆವು. ಎರಡಕ್ಕೂ ದುಡ್ಡು ಕೊಟ್ಟೆವು. ಉಳಿದದ್ದು ಒಂದೇ ಇಂಚು!

ಮಗಳು ಇನ್ನೊಂದು ವಿಷಯ ಓದಿ ಹೇಳಿದಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ನಮ್ಮ ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಆ ಕೈಕೂಸಿನ ತಾಯಿಗೆ ಏನಾದರೂ ಆದರೆ ಯಾರು ಹೊಣೆ?

ಊಟಕ್ಕೆ ಕೂತಾಗ ಈ ಮಾತು ಎತ್ತಿದೆ. "ಗಂಡಸರ ವಿಷಯದಾಗ ನಿಮಗೇನು ಗೊತ್ತಾಗ್ತದ ವೈನಿ?" ಎಂದ ಮೈದುನ. "ಗಾಡಿದು ಗೊತ್ತಾಗಲಿಕ್ಕಿಲ್ಲಪ್ಪ, ಅದರಾಗ ಕೂಡೋ ಜೀವದ್ದು ಗೊತ್ತಾಗ್ತದ," ಎಂದೆ. ಆ ದಿನ ಅವನು ಅರ್ಧ ರೊಟ್ಟಿಗೇ ಎದ್ದ. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ತಾನೇ ಬಂದು, "ಹಳೇ ಸ್ಪ್ರಿಂಗ್ ಕೊಟ್ಟಿಗ್ಯಾಗ ಅವ ಅಲ್ಲ?" ಎಂದು ಕೇಳಿದ. ಸ್ಪ್ರಿಂಗೂ ಪೆಟ್ಟಿಗೆಯೂ ಮೊದಲಿನ ಜಾಗಕ್ಕೆ ಬಂದವು. ಅದೇ ಅಳತೆಯ, ಕೆಸರು ಹಿಡಿಯುವ ಆಳ ಹಲ್ಲಿನ ಟಯರು ಹಾಕಿಸಿದೆವು. ತೀರ ಮಳೆ ಬಿದ್ದ ದಿನ ದಾರಿಯಂಚಿನಲ್ಲಿ ಜೀಪು ನಿಲ್ಲಿಸಿ ಹೊಲಕ್ಕೆ ನಡೆದೇ ಹೋಗುತ್ತೇವೆ.

ನಿಮ್ಮ ಮನೆಯಲ್ಲೂ ಯಾರಾದರೂ ಗಾಡಿ ಎತ್ತರಿಸುವ ಮಾತೆತ್ತಿದರೆ ಮೂರು ಪ್ರಶ್ನೆ ಕೇಳಿ: ಶಾಫ್ಟು ಎಷ್ಟು ಓರೆಯಾಗುತ್ತದೆ? ಆರ್.ಸಿ. ಪುಸ್ತಕಕ್ಕೂ ವಿಮೆಗೂ ಇದು ಒಪ್ಪುತ್ತದೆಯೇ? ವಯಸ್ಸಾದವರು ಹತ್ತಬಲ್ಲರೇ? ಉತ್ತರ ತಡವರಿಸಿದರೆ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಗಾಡಿಯ ಕೆಳಗಿನಿಂದ ಹೊಸ ಸದ್ದು ಬಂದರಂತೂ, 'ನಮಗೇನು ತಿಳಿಯುತ್ತದೆ' ಎಂದು ಸುಮ್ಮನಿರಬೇಡಿ. ಒಲೆಯ ಮೇಲಿನ ಎಸರಿನ ಸದ್ದಿನಲ್ಲೇ ಅನ್ನದ ಹದ ತಿಳಿಯುವ ಕಿವಿ ನಮ್ಮದು.