ಆಕಾಶದ ಉಳಿದರ್ಧ

ದಕ್ಷಿಣಕ್ಕೆ ಹೊರಟ ಅಗಸ್ತ್ಯರು ಹಿಂದಿರುಗಲಿಲ್ಲವೆಂಬುದು ಪುರಾಣ. ದಕ್ಷಿಣಕ್ಕೆ ಹೋಗಿ, ಅಲ್ಲಿಯ ಆಕಾಶದ ಲೆಕ್ಕವನ್ನೇ ಹೊತ್ತು ಹಿಂದಿರುಗಿದವನೊಬ್ಬನು ಇತಿಹಾಸದಲ್ಲಿದ್ದಾನೆ. ಆತನೇ ಜಾನ್ ಹರ್ಷೆಲ್.

ಮನುಷ್ಯನ ದೃಷ್ಟಿ ಎಷ್ಟು ದೂರ ಹಾರಿದರೂ ಆತನು ನಿಂತ ನೆಲ ಆತನನ್ನು ಬಿಡದು. ಜಾನನ ತಂದೆ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ ಮಹನೀಯನು. ಆದರೇನು? ಕನ್ನಡನಾಡಿನ ಬೇಸಿಗೆಯ ಇರುಳಿನಲ್ಲಿ ದಿಗಂತದಂಚಿಗೆ ತಲೆಯೆತ್ತುವ ತ್ರಿಶಂಕು ನಕ್ಷತ್ರಪುಂಜವೂ ಇಂಗ್ಲೆಂಡಿನಲ್ಲಿದ್ದ ಆತನಿಗೆ ಕಾಣುವಂತಿರಲಿಲ್ಲ. ತಂಗಿ ಕ್ಯಾರೊಲಿನ್ ಕೊರೆಯುವ ಚಳಿಯಲ್ಲಿ ಕುಳಿತು ಅಣ್ಣ ಕಂಡು ಹೇಳಿದುದನ್ನೆಲ್ಲ ಬರೆದುಕೊಂಡಳು. 1822ರಲ್ಲಿ ಅಣ್ಣ ತೀರಿಕೊಂಡನು. ಅರ್ಧ ಆಕಾಶ ಹಾಗೆಯೇ ಉಳಿಯಿತು.

1833ರ ನವೆಂಬರಿನಲ್ಲಿ ಜಾನನು ತನ್ನದೇ ಖರ್ಚಿನಲ್ಲಿ ಹೆಂಡತಿ ಮಕ್ಕಳೊಡನೆ ಹಡಗನ್ನೇರಿದನು. ಇಪ್ಪತ್ತು ಅಡಿಯ ದೂರದರ್ಶಕವೂ ಜೊತೆಗಿತ್ತು. ಅದರ ಮೂರು ಲೋಹದ ದರ್ಪಣಗಳಲ್ಲಿ ಒಂದು ತಂದೆಯ ಕೈಕೆಲಸ. ಆಫ್ರಿಕದ ತುದಿಯಲ್ಲಿ, ಟೇಬಲ್ ಪರ್ವತದ ತಪ್ಪಲಿನಲ್ಲಿ, ಆತನು ಅದನ್ನು ನಿಲ್ಲಿಸಿದನು. ದರ್ಪಣಗಳು ಬೇಗನೆ ಮಸುಕಾಗುತ್ತಿದ್ದುವು; ಜಾನನೇ ಅವನ್ನು ಮತ್ತೆ ಮತ್ತೆ ಉಜ್ಜಿ ಹೊಳಪಿಸುವನು. ಕಗ್ಗತ್ತಲಿನ ಆ ರಾತ್ರಿಗಳಲ್ಲಿ, ಬರಿಗಣ್ಣಿಗೆ ಮಬ್ಬು ಮೋಡಗಳಂತಿದ್ದ ಮೆಗೆಲಾನಿಕ್ ಮೇಘಗಳು ತಾರೆಗಳಾಗಿ, ಗುಚ್ಛಗಳಾಗಿ, ನೀಹಾರಿಕೆಗಳಾಗಿ ಬಿಡಿಬಿಡಿಯಾಗಿ ಕಂಡುವು.

ಎಂಬತ್ತು ದಾಟಿ ಜರ್ಮನಿಯ ಹ್ಯಾನೋವರಿನಲ್ಲಿದ್ದ ಸೋದರತ್ತೆ ಕ್ಯಾರೊಲಿನ್ ಅವನಿಗೊಂದು ಮಾತು ಬರೆದಿದ್ದಳು: ವೃಶ್ಚಿಕ ರಾಶಿಯಲ್ಲಿ ಆಕಾಶಕ್ಕೆ ತೂತು ಬಿದ್ದಂತಿರುವ ಎಡೆಯೊಂದನ್ನು ನಿನ್ನ ತಂದೆ ಕಂಡಿದ್ದನು, ಅದನ್ನು ಚೆನ್ನಾಗಿ ನೋಡು. ಜಾನನು ನೋಡಿದನು. ಅಂತಹ ಬರಿದೆಡೆಗಳು ತೂತುಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡಿದ ಧೂಳಿನ ಮೋಡಗಳು ಎಂಬುದು ಇಂದು ತಿಳಿದಿದೆ. ಆದರೆ ಮುದುಕಿಗೆ ಬೇಕಾಗಿದ್ದುದು ಆ ಉತ್ತರವೊಂದೇ ಅಲ್ಲ. ಅಣ್ಣ ಬಿಟ್ಟುಹೋದ ಕೆಲಸ ನಿಲ್ಲಬಾರದೆಂಬುದೇ ಆಕೆಯ ಹಂಬಲ.

ನಾಲ್ಕು ವರ್ಷಗಳ ನೋಟ ಮುಗಿಸಿ 1838ರಲ್ಲಿ ಜಾನನು ಮರಳಿದನು. ಅತ್ತೆಯನ್ನು ಕಂಡು ಬಂದನು. ಆದರೆ ಲೆಕ್ಕವನ್ನೆಲ್ಲ ಒಪ್ಪಗೊಳಿಸಲು ಮತ್ತೆ ಒಂಬತ್ತು ವರ್ಷ ಹಿಡಿಯಿತು. ಆಕಾಶಕ್ಕೆ ಅವಸರವಿಲ್ಲ, ಮನುಷ್ಯನಿಗಿದೆ. ಸಾವಿರದ ಏಳುನೂರಕ್ಕೂ ಮಿಕ್ಕ ನೀಹಾರಿಕೆ ಗುಚ್ಛಗಳನ್ನೂ, ಎರಡು ಸಾವಿರದ ನೂರಕ್ಕೂ ಮಿಕ್ಕ ಜೋಡಿ ನಕ್ಷತ್ರಗಳನ್ನೂ ದಾಖಲಿಸಿದ ಹೊತ್ತಗೆ 1847ರಲ್ಲಿ ಅಚ್ಚಾಗಿ ಕ್ಯಾರೊಲಿನಳ ಕೈ ಸೇರಿತು. ಆಗ ಆಕೆಗೆ ತೊಂಬತ್ತೇಳು ವರ್ಷ.

ಮರುವರ್ಷದ ಜನವರಿಯಲ್ಲಿ ಆಕೆ ಕಣ್ಮುಚ್ಚಿದಳು. ಅಣ್ಣನ ಪಕ್ಕದಲ್ಲಿ ಕುಳಿತು ಬರೆಯತೊಡಗಿದ್ದ ಲೆಕ್ಕ ಅಷ್ಟರಲ್ಲಿ ಆಕಾಶದ ಆಚೆ ತುದಿಯನ್ನು ಮುಟ್ಟಿತ್ತು.