ಆಟಿಯ ಮಳೆಯೂ ಚೆನ್ನೆಮಣೆಯೂ

ಘಟ್ಟಕ್ಕೂ ಕಡಲಿಗೂ ನಡುವೆ ಹಬ್ಬಿರುವ ತುಳುನಾಡಿನಲ್ಲಿ ಮಳೆಯೆಂಬುದು ಬಂದು ಹೋಗುವ ಅತಿಥಿಯಲ್ಲ. ಬಂದು ಠಿಕಾಣಿ ಹೂಡುವ ನೆಂಟ. ವರ್ಷವೊಂದರಲ್ಲಿ ಮಂಗಳೂರಿನ ಮೇಲೆ ಸುರಿಯುವ ನೀರು ಬೆಂಗಳೂರಿನ ಪಾಲಿಗೆ ಬರುವುದರ ಮೂರು ಪಟ್ಟಿಗೂ ಹೆಚ್ಚು. ಅದರಲ್ಲಿಯೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳನ್ನು ಅಲ್ಲಿಯವರು 'ಆಟಿ' ಎಂದು ಕರೆಯುತ್ತಾರೆ. ಮಳೆ ಅತಿಯಾದ ದಿನ ಶಾಲೆಗಳಿಗೆ ರಜೆ ಸಾರುವುದು ಈಗಿನ ವಾಡಿಕೆ. ರಜೆಯ ಸುದ್ದಿ ಕೇಳಿ ಕುಣಿದ ಮಕ್ಕಳೇ ಹತ್ತು ಗಂಟೆಯ ಹೊತ್ತಿಗೆ "ಇನ್ನೇನು ಮಾಡುವುದು?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅಂಗಳದಲ್ಲಿ ನೀರು, ಕಿಟಕಿಯಾಚೆ ಕತ್ತಲು, ಕೈಗೆಟುಕುವಂತೆ ಮೊಬೈಲು.

ಈ ಪ್ರಶ್ನೆಗೆ ತುಳುನಾಡಿನ ಹಿರಿಯರ ಉತ್ತರ ಅಟ್ಟದ ಮೇಲಿತ್ತು. ಆಟಿ ಬೇಸಾಯಗಾರನಿಗೆ ಬಿಡುವಿನ ಕಾಲ, ಕಣಜ ಬರಿದಾಗುವ ಕಷ್ಟದ ಕಾಲವೂ ಹೌದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು. ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಸುಡುವ ವಾಸನೆಯ ನಡುವೆ ಚೆನ್ನೆಮಣೆ ಚಾವಡಿಗೆ ಇಳಿಯುತ್ತಿತ್ತು. ಉಳಿದ ತಿಂಗಳುಗಳಲ್ಲಿ ಅದನ್ನು ಮುಟ್ಟಬಾರದೆಂದು ನಂಬಿಕೆ. ದುಡಿಯುವ ಕಾಲಕ್ಕೆ ಆಟದ ಗೀಳು ಹತ್ತದಿರಲೆಂಬ ವಿವೇಕ ಅದರಲ್ಲಿ ಅಡಗಿದ್ದಿರಬಹುದು. ಹಳೆಯ ಮೈಸೂರು ಸೀಮೆಯವರಿಗೆ ಇದೇ ಅಳಗುಳಿಮಣೆ, ತಮಿಳರಿಗೆ ಪಲ್ಲಾಂಗುಳಿ.

ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳು. ಕೆಂಪಗೆ ಹೊಳೆಯುವ ಮಂಜೊಟ್ಟಿಯ ಕಾಳಾದರೆ ಕಣ್ಣಿಗೂ ಹಬ್ಬ. ಆಡುವವನು ತನ್ನ ಸಾಲಿನ ಒಂದು ಗುಳಿಯ ಕಾಳುಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸುತ್ತು ಬರಬೇಕು. ಕೈ ಬರಿದಾದೊಡನೆ ಅದರ ಮುಂದಿನ ಗುಳಿಯದನ್ನೆತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿಯಿದ್ದರೆ, ಆ ಖಾಲಿಯ ಆಚೆಯ ಗುಳಿಯಲ್ಲಿರುವುದೆಲ್ಲ ಅವನ ಗಳಿಕೆ, ಸರದಿ ಎದುರಾಳಿಗೆ. ಊರೂರಿಗೆ, ಮನೆಮನೆಗೆ ನಿಯಮ ಸ್ವಲ್ಪ ಬೇರೆ, ತಿರುಳು ಇಷ್ಟೇ.

ಈ ಕ್ರಮದಲ್ಲಿ ಒಂದು ಸೋಜಿಗವುಂಟು. ಮೊದಲ ಆಟವನ್ನು ಯಾವ ಗುಳಿಯಿಂದ ಆರಂಭಿಸಿದರೂ ಏಳು ಸಲ ಕಾಳೆತ್ತಿದ ಮೇಲೆ ದಕ್ಕುವುದು ಆರೇ ಕಾಳು. ಇದನ್ನು ಹೇಳಿಕೊಡದೆ ಮಕ್ಕಳೇ ಕಂಡುಕೊಳ್ಳಲು ಬಿಟ್ಟರೆ ಒಂದು ಮಧ್ಯಾಹ್ನ ಕಳೆದದ್ದು ತಿಳಿಯದು. ಎರಡನೆಯ ಆಟದಿಂದ ಮಾತ್ರ ಹಾಗಲ್ಲ. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿದೀತೆಂದು ಮನಸ್ಸಿನಲ್ಲಿಯೇ ಎಣಿಸಬಲ್ಲವನು ಗೆಲ್ಲುತ್ತಾನೆ. ಲೆಕ್ಕದ ಪುಸ್ತಕ ಕಂಡರೆ ಮುಖ ತಿರುಗಿಸುವ ಹುಡುಗನೂ ಇಲ್ಲಿ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುವುದನ್ನು ನೋಡಬಹುದು. ಸೋತವನು ಮರು ಆಟದಲ್ಲಿ ತನ್ನಲ್ಲಿರುವ ಕಾಳುಗಳಿಂದ ತುಂಬುವಷ್ಟೇ ಗುಳಿಗಳನ್ನು ತುಂಬಬೇಕು. ಇದ್ದುದರಲ್ಲಿ ಸಂಸಾರ ತೂಗಿಸಿ ಮತ್ತೆ ಏಳಬೇಕು.

ಆಟ ಎಷ್ಟು ಮುದ್ದೋ ಅಷ್ಟೇ ಬಿರುಸು ಎಂಬುದನ್ನು ತುಳುವರು ಮರೆತವರಲ್ಲ. ಸಿರಿಯ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ. ಅಕ್ಕರೆಯ ಆಟ ಮಣೆಯೆತ್ತಿ ಹೊಡೆಯುವವರೆಗೆ ಹೋಗುತ್ತದೆ. ಕೊನೆಗೆ ಇಬ್ಬರೂ ಉಳಿಯುವುದಿಲ್ಲ. ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ 1990ರಲ್ಲಿ ಧ್ವನಿಮುದ್ರಿಸಿತು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಿತ್ತು. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಚೆನ್ನೆಯಾಡಬಾರದೆಂಬ ಹಿಂಜರಿಕೆಯ ಹಿಂದೆ ಈ ಕಥೆಯ ನೆರಳಿದೆ. ಮಕ್ಕಳನ್ನು ಆಟಕ್ಕೆ ಕೂರಿಸಿ ಕೈತೊಳೆದುಕೊಳ್ಳುವ ಹಿರಿಯರಿಗೂ ಇದರಲ್ಲಿ ಒಂದು ಮಾತಿದೆ. ಸೋಲನ್ನು ನುಂಗಿಕೊಳ್ಳುವುದು ತಾನಾಗಿ ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ಕೂತು ನಗುತ್ತ ಸೋತು ತೋರಿಸುವವರು ಬೇಕು. ಚಾವಡಿಯಲ್ಲಿ ಆ ಕೆಲಸ ಅಜ್ಜಿಯದಾಗಿತ್ತು.

ಇಂದು ಆ ಚಾವಡಿಗಳು ವಿರಳ. ಮಣೆಗಳು ಕೆಲವು ಗಾಜಿನ ಕಪಾಟು ಸೇರಿವೆ. ಕೆಲವು ಅಲಂಕಾರದ ವಸ್ತುಗಳಾಗಿ ಮಾರಾಟವಾಗುತ್ತವೆ. ಆದರೆ ಆಟಕ್ಕೆ ಮಣೆಯೇ ಬೇಕೆಂದಿಲ್ಲ. ನಗರದ ಮೂರನೆಯ ಅಂತಸ್ತಿನ ಮನೆಯಲ್ಲಿಯೂ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ವೃತ್ತ ಬರೆದು, 56 ಹುಣಿಸೆಬೀಜ ಎಣಿಸಿಕೊಂಡರೆ ಸಾಕು. ಖರ್ಚೆಂದರೆ ಒಂದೇ: ಎದುರು ಕೂರುವ ಒಂದು ಜೀವ, ಅದರ ಒಂದು ಗಂಟೆಯ ಬಿಡುವು. ಮೊಬೈಲು ಕೇಳದೆ ಉಳಿದದ್ದು ಇದೊಂದನ್ನೇ. ಮಕ್ಕಳು ಬೇಸರವೆಂದಾಗ ಕೇಳುತ್ತಿರುವುದೂ ಹಲವು ವೇಳೆ ಇದನ್ನೇ.